ಎರಡು ಸೂರ್ಯೋದಯದ ವಿಮಾನ

ಎರಡು ಊರಿನ ಹೆಸರು ಕೊಟ್ಟರೆ ಸಾಕು, ಫೋನು ದೂರವನ್ನೂ ವಿಮಾನದ ಹೊತ್ತನ್ನೂ ಥಟ್ಟನೆ ಹೇಳಿಬಿಡುತ್ತೆ. ಆಸ್ಟ್ರೇಲಿಯಾದ ಪರ್ತ್‌ನಿಂದ ಶ್ರೀಲಂಕಾಕ್ಕೆ ಸುಮಾರು 5,600 ಕಿಲೋಮೀಟರ್. ಈಗಿನ ಜೆಟ್ಟಿಗೆ ಏಳು ಗಂಟೆ ಚಿಲ್ಲರೆಯ ದಾರಿ: ಎರಡು ಸಿನಿಮಾ, ಒಂದು ಊಟ, ಒಂದು ನಿದ್ದೆ. 1943ರಲ್ಲಿ ಇದೇ ದಾರಿಗೆ 27ರಿಂದ 33 ಗಂಟೆ ಹಿಡಿಯುತ್ತಿತ್ತು. ಅದೂ ಎಲ್ಲೂ ಇಳಿಯದೆ. ಇಳಿಯೋಣ ಅಂದ್ರೂ ಕೆಳಗೆ ಬರೀ ಹಿಂದೂ ಮಹಾಸಾಗರ!

ಇಂಥಾ ಹುಚ್ಚು ಸಾಹಸ ಯಾಕೆ ಬೇಕಿತ್ತು? 1935ರಿಂದ ಆಸ್ಟ್ರೇಲಿಯಾ ಮತ್ತು ಲಂಡನ್ ನಡುವೆ ವಿಮಾನ ಓಡಾಡುತ್ತಿತ್ತು. ಸಿಂಗಾಪುರ, ಕಲ್ಕತ್ತಾ, ಕರಾಚಿ ಅಂತ ನಿಂತು ನಿಂತು ಹನ್ನೆರಡೂವರೆ ದಿನದ ಪ್ರಯಾಣ. ಫೆಬ್ರವರಿ 1942ರಲ್ಲಿ ಸಿಂಗಾಪುರ ಜಪಾನಿನ ಕೈಗೆ ಬಿತ್ತು, ದಾರಿ ನಡುವೆಯೇ ಕಡಿದುಹೋಯಿತು. ಶತ್ರುವನ್ನು ತಪ್ಪಿಸಿ ಸಿಲೋನ್ ಮುಟ್ಟಬೇಕೆಂದರೆ ಉಳಿದದ್ದು ಸಾಗರವೊಂದೇ.

ಕ್ವಾಂಟಾಸ್ ಕಂಪನಿಗೆ ಸಿಕ್ಕಿದ್ದು ಐದು ಕ್ಯಾಟಲೀನಾಗಳು. ನೀರಿನ ಮೇಲೇ ಇಳಿದು ಏಳುವ ವಿಮಾನಗಳಿವು. ಪರ್ತ್‌ನ ಸ್ವಾನ್ ನದಿಯಿಂದ ಎದ್ದು, ಸಿಲೋನಿನ ದಕ್ಷಿಣ ತೀರದ ಕೊಗ್ಗಲ ಸರೋವರದಲ್ಲಿ ಇಳಿಯಬೇಕು. ವೇಗ ಗಂಟೆಗೆ ಸುಮಾರು 200 ಕಿಲೋಮೀಟರ್. ನಮ್ಮ ಹೈವೇಯಲ್ಲಿ ಕೆಲವರು ಕಾರನ್ನೇ ಹೀಗೆ ಓಡಿಸ್ತಾರೆ, ಬಿಡಿ.

ಹೊಟ್ಟೆ ತುಂಬಾ ಪೆಟ್ರೋಲು ತುಂಬಿದ ಮೇಲೆ ಮಿಕ್ಕಿದ್ದಕ್ಕೆ ಜಾಗವೆಲ್ಲಿ? ಹೆಚ್ಚೆಂದರೆ ಮೂವರು ಪ್ರಯಾಣಿಕರು, 69 ಕಿಲೋ ಟಪಾಲು. ಇವತ್ತು ತಲೆಗೆ 23 ಕಿಲೋದಂತೆ ಮೂವರ ಚೆಕ್-ಇನ್ ಬ್ಯಾಗು ತೂಗಿದರೆ ಸರಿಯಾಗಿ ಅಷ್ಟೇ. ಆ ಟಪಾಲಿನಲ್ಲಿ ಸರ್ಕಾರದ, ಸೇನೆಯ ಕಾಗದಪತ್ರ. ಸೀಟಿನಲ್ಲಿ ಯುದ್ಧಕ್ಕೆ ಬೇಕಾದ ಮಂದಿ. ಇದ್ದದ್ದು ಎರಡೇ ಇಂಜಿನ್. ಹೊರಟ ಮೊದಲ ಕೆಲವು ಗಂಟೆಯಲ್ಲಿ ಒಂದು ಕೈಕೊಟ್ಟರೆ, ಅಷ್ಟು ಭಾರ ಹೊತ್ತು ಇನ್ನೊಂದರ ಮೇಲೆ ಹಾರುವುದು ಆಗದ ಮಾತು.

ಶತ್ರುವಿನ ವಿಮಾನಗಳು ಎಟುಕುವ ಜಾಗವನ್ನು ಕತ್ತಲಲ್ಲೇ ದಾಟುವಂತೆ ಹೊರಡುವ ಸಮಯ ಗೊತ್ತುಮಾಡುತ್ತಿದ್ದರು. ಮಾತಾಡಿದರೆ ಸಿಕ್ಕಿಬೀಳುವ ಭಯ, ಹಾಗಾಗಿ ರೇಡಿಯೋ ಮೌನ. ದಾರಿ ಹುಡುಕಲು ನಕ್ಷತ್ರಗಳೇ ಗತಿ. ಅದಕ್ಕೇ ವಿಮಾನಗಳಿಗೂ ಅವುಗಳದ್ದೇ ಹೆಸರು: ಆಲ್ಟೇರ್, ವೇಗಾ, ರೀಗಲ್, ಅಂಟಾರಿಸ್, ಸ್ಪೈಕಾ. ಇವುಗಳಲ್ಲಿ ನಾಲ್ಕು ನಮ್ಮಜ್ಜಿಯರ ಬಾಯಲ್ಲೂ ಇದ್ದವೇ. ಶ್ರವಣ, ಅಭಿಜಿತ್, ಜ್ಯೇಷ್ಠಾ, ಚಿತ್ತಾ ಅಂದ್ರೆ ಇವೇ.

ಒಂದೇ ಪ್ರಯಾಣದಲ್ಲಿ ಎರಡು ಸಲ ಸೂರ್ಯ ಹುಟ್ಟುತ್ತಿದ್ದ. ಹಾಗೆ ಕಂಡವರಿಗೆ ‘ಎರಡು ಸೂರ್ಯೋದಯದ ರಹಸ್ಯ ಕೂಟ’ದ ಸದಸ್ಯತ್ವ ಕೊಟ್ಟು ಒಂದು ಪ್ರಮಾಣಪತ್ರ ಕೈಗಿಡುತ್ತಿದ್ದರು. ಪ್ರಾಣ ಪಣಕ್ಕಿಟ್ಟು ಕೂತವರಿಗೆ ಇಷ್ಟು ತಮಾಷೆಯಾದ್ರೂ ಬೇಡ್ವಾ? ಅತಿ ಉದ್ದದ ಹಾರಾಟ 32 ಗಂಟೆ 9 ನಿಮಿಷ. 2018ರಲ್ಲಿ ಪರ್ತ್‌ನಿಂದ ಲಂಡನ್ನಿಗೆ ನೇರ ವಿಮಾನ ಶುರುವಾಯಿತಲ್ಲ, ದೂರ ಹೆಚ್ಚುಕಮ್ಮಿ 14,500 ಕಿಲೋಮೀಟರ್. ಅದಕ್ಕೂ 17 ಗಂಟೆ ಸಾಕು.

ಜೂನ್ 1943ರಿಂದ ಜುಲೈ 1945ರವರೆಗೆ ಈ ಐದು ವಿಮಾನಗಳು 271 ಸಲ ಸಾಗರ ದಾಟಿದವು. ಒಂದೂ ಕಳೆದುಹೋಗಲಿಲ್ಲ. ಆದರೆ ಇವು ಯುದ್ಧಕಾಲಕ್ಕೆಂದು ಅಮೆರಿಕ ಎರವಲು ಕೊಟ್ಟ ಮಾಲು. ಯುದ್ಧ ಮುಗಿದ ಮೇಲೆ ಅವುಗಳನ್ನು ಆಸ್ಟ್ರೇಲಿಯಾದ ತೀರದಾಚೆ ಒಯ್ದು, ಬೇಕಂತಲೇ ಕಡಲಲ್ಲಿ ಮುಳುಗಿಸಿದರು.