ಸಾಧವರ ಹಡಗು, ಬಾಳೆಪಟ್ಟೆಯ ದೋಣಿ

ಕಾರ್ತಿಕ ಹುಣ್ಣಿಮೆಯ ನಸುಕಿನಲ್ಲಿ ಒಡಿಶಾದ ಯಾವ ನೀರಿನ ದಡಕ್ಕೆ ಹೋದರೂ ಜನ ನೆರೆದಿರುತ್ತಾರೆ. ಕಟಕದ ಮಹಾನದಿಯಾಗಲಿ, ಭುವನೇಶ್ವರದ ಬಿಂದುಸಾಗರವಾಗಲಿ, ಪುರಿಯ ನರೇಂದ್ರ ಪುಷ್ಕರಿಣಿಯಾಗಲಿ, ಮಿಂದು ಬಂದ ಮನೆಮಂದಿ ಪುಟ್ಟ ದೋಣಿಯೊಂದನ್ನು ನೀರಿಗಿಳಿಸಿ, ಅಂಗೈಯಿಂದ ಅಲೆಯೆಬ್ಬಿಸಿ ಮುಂದಕ್ಕೆ ಕಳಿಸುತ್ತಾರೆ. ದೋಣಿ ಬಾಳೆಪಟ್ಟೆಯದು, ಇಲ್ಲವೇ ಬೆಂಡಿನದು, ಬಣ್ಣದ ಕಾಗದದ್ದು. ಒಳಗೆ ಹಣತೆ, ಹೂವು, ವೀಳ್ಯದೆಲೆ, ಅಡಿಕೆ. ಇದೇ ಬೋಯಿತ ಬಂದಾಣ, ಹಡಗಿನ ಪೂಜೆ.

ನಮ್ಮ ತೆಪ್ಪೋತ್ಸವದಲ್ಲಿ ಉತ್ಸವಮೂರ್ತಿಯೇ ತೆಪ್ಪವೇರಿ ಕಲ್ಯಾಣಿಯನ್ನು ಸುತ್ತುತ್ತದೆ. ಒಡಿಯಾ ಜನರ ಈ ದೋಣಿ ಹೊತ್ತಿರುವುದು ಕಡಲು ದಾಟಿ ಹೋದ ಮನೆಯ ಗಂಡಸರ ನೆನಪನ್ನು. ಅವರನ್ನು ಸಾಧವರೆನ್ನುತ್ತಾರೆ. ಸಿಂಹಳ, ಜಾವಾ, ಸುಮಾತ್ರಾ, ಬಾಲಿಯವರೆಗೂ ವ್ಯಾಪಾರಕ್ಕೆ ಹೋಗುತ್ತಿದ್ದ ಕಳಿಂಗದ ವರ್ತಕರು. ಗಂಜಾಮ್ ಸೀಮೆಯ ಪಾಲೂರು ಟಾಲೆಮಿಯ ಭೂಗೋಳದಲ್ಲೇ ಕಾಣಿಸಿಕೊಂಡ ಬಂದರು. ಚಿಲಿಕಾ ಸರೋವರದ ಮಗ್ಗುಲಿನ ಮಾಣಿಕಪಟಣದ ಉತ್ಖನನದಲ್ಲಿ ಚೀನಾದ ಪಿಂಗಾಣಿಯ ಚೂರುಗಳು ಸಿಕ್ಕಿವೆ. ಕಾಳಿದಾಸ ತನ್ನ ರಘುವಂಶದಲ್ಲಿ ಕಳಿಂಗದ ರಾಜನನ್ನು ಮಹೇಂದ್ರ ಪರ್ವತಕ್ಕೂ ಮಹಾಸಾಗರಕ್ಕೂ ಒಡೆಯನೆಂದು ಕರೆದ.

ಹುಣ್ಣಿಮೆಯ ಈ ದಿನಕ್ಕೆ ಗಾಳಿಯ ಲೆಕ್ಕವೂ ಇದೆ. ಮುಂಗಾರು ಹಿಂದೆ ಸರಿದು, ಈಶಾನ್ಯದ ಗಾಳಿ ಹಾಯಿ ತುಂಬುವ ಕಾಲವದು. ಮರಳಿ ಬರಲು ಮತ್ತೆ ನೈಋತ್ಯ ಮಾರುತವನ್ನೇ ಕಾಯಬೇಕು. ಅಷ್ಟು ತಿಂಗಳು ಮನೆಯಲ್ಲಿ ಉಳಿದವರ ಪಾಡೇನು?

ಅದನ್ನು ಹೇಳುವುದು ತಅಪೋಯಿಯ ಕಥೆ. ಏಳು ಜನ ಅಣ್ಣಂದಿರ ಒಬ್ಬಳೇ ಮುದ್ದಿನ ತಂಗಿ. ಅಣ್ಣಂದಿರು ಹಡಗು ಹತ್ತಿದ ಮೇಲೆ ಅತ್ತಿಗೆಯರು ಅವಳನ್ನು ಆಡು ಮೇಯಿಸಲು ಕಾಡಿಗಟ್ಟುತ್ತಾರೆ. ಕಿರಿಯ ಅತ್ತಿಗೆಯೊಬ್ಬಳಿಗೆ ಮಾತ್ರ ಕರುಣೆ. ಘರಮಣಿ ಎಂಬ ಆಡು ಕಳೆದುಹೋದಾಗ ದಿಕ್ಕುಗಾಣದ ಹುಡುಗಿ ಮಂಗಳಾದೇವಿಗೆ ಮೊರೆಯಿಡುತ್ತಾಳೆ. ನೈವೇದ್ಯಕ್ಕೆ ಅವಳ ಬಳಿ ಇದ್ದದ್ದು ಬರೀ ನುಚ್ಚು. ದೇವಿ ಒಲಿಯುತ್ತಾಳೆ, ಅಣ್ಣಂದಿರ ಹಡಗು ದಡ ಮುಟ್ಟುತ್ತದೆ. ಇಂದಿಗೂ ಭಾದ್ರಪದದ ಭಾನುವಾರಗಳಂದು ಮದುವೆಯಾಗದ ಹೆಣ್ಣುಮಕ್ಕಳು ಖುದುರುಕುಣಿ ಓಷಾ ವ್ರತ ಹಿಡಿದು ನುಚ್ಚನ್ನೇ ಅರ್ಪಿಸುತ್ತಾರೆ. ಭಾದ್ರಪದದಲ್ಲಿ ಮರಳುವವರಿಗಾಗಿ ಪ್ರಾರ್ಥನೆ, ಕಾರ್ತಿಕದಲ್ಲಿ ಹೊರಡುವವರಿಗೆ ಪೂಜೆ. ಬಂದರುಗಳು ಹೂತುಹೋದರೂ ಕಡಲಯಾನದ ನೆನಪು ಉಳಿದದ್ದು ಹೀಗೆ, ಹಡಗು ಹತ್ತದ ಹೆಂಗಸರು ಮಕ್ಕಳ ಕೈಯಲ್ಲಿ. ಒಡಿಶಾದ ನೌಕಾಚರಿತ್ರೆ ಬರೆಯುವವರು ಅವರ ಋಣವನ್ನು ಮೊದಲು ನೆನೆಯಬೇಕೆಂದು ನನ್ನ ನಂಬಿಕೆ.

ಕಾರ್ತಿಕವಿಡೀ ಅಲ್ಲಿ ವ್ರತದ ಮಾಸ. ಪುರಿಯಲ್ಲಿ ಹವಿಷ್ಯ ಹಿಡಿದ ಹಿರಿಯ ಹೆಂಗಸರು ದಿನಕ್ಕೊಂದೇ ಊಟ ಮಾಡುತ್ತಾರೆ. ಕೊನೆಯ ಐದು ದಿನ, ಅಂದರೆ ಪಂಚುಕದಲ್ಲಿ, ಕೊಕ್ಕರೆ ಕೂಡ ಮೀನು ಮುಟ್ಟುವುದಿಲ್ಲವೆಂಬ ಮಾತಿದೆ. ಹುಣ್ಣಿಮೆಯಿಂದ ಕಟಕದಲ್ಲಿ ಬಾಲಿಯಾತ್ರೆಯ ದೊಡ್ಡ ಜಾತ್ರೆ ಶುರು. ದಹಿಬರಾ, ಆಲೂದಮ್ ತಿನ್ನದೆ ಯಾರೂ ಮನೆಗೆ ಮರಳುವುದಿಲ್ಲ. 2022ರಲ್ಲಿ ಇದೇ ಜಾತ್ರೆಯಲ್ಲಿ ಶಾಲಾ ಮಕ್ಕಳು 22,473 ಕಾಗದದ ದೋಣಿ ಮಡಚಿ ಗಿನ್ನೆಸ್ ದಾಖಲೆಗೆ ಸೇರಿದರು. ಬಂಗಾಳಕೊಲ್ಲಿಯ ಆಚೆ ಥಾಯ್ಲೆಂಡಿನವರೂ ಬಹುಮಟ್ಟಿಗೆ ಇದೇ ಹುಣ್ಣಿಮೆಗೆ ಬಾಳೆದಿಂಡಿನ ಮೇಲೆ ಹೂವು ದೀಪ ಇಟ್ಟು ತೇಲಿಬಿಡುತ್ತಾರೆ.

ಈಚೆಗೆ ಥರ್ಮೋಕೋಲಿನ ದೋಣಿಗಳು ಪೇಟೆಗೆ ಬಂದಿವೆ. ನೋಡಲು ಚೆಂದ, ಬೆಲೆಯೂ ಕಡಿಮೆ, ಆದರೆ ಕೆರೆಯಲ್ಲಿ ಅವು ಕರಗುವುದಿಲ್ಲ. ಬಾಳೆಪಟ್ಟೆಯದೇ ಇರಲಿ ಎಂದು ಹಿರಿಯರು ಹೇಳುವುದು ಸರಿಯಾಗಿಯೇ ಇದೆ. ಹುಣ್ಣಿಮೆಯ ಮರುದಿನ ಛಾಡಖಾಇ. ತಿಂಗಳ ಪಥ್ಯ ಮುಗಿಸಿದ ಜನ ಬೆಳಗ್ಗೆಯೇ ಮೀನು, ಮಾಂಸದ ಅಂಗಡಿಗಳ ಮುಂದೆ ಸಾಲುಗಟ್ಟುತ್ತಾರೆ.