ಸೈಕಲ್ ಸೀಟ್ ಪಿಲ್ಲರ್‌ನ ಅಳತೆ

ಸೈಕಲ್ಲಿನ ಸೀಟನ್ನು ಹೊತ್ತು ಫ್ರೇಮಿನೊಳಗೆ ಇಳಿಯುವ ಕೊಳವೆಗೆ ಸೀಟ್ ಪಿಲ್ಲರ್ ಎಂದು ಹೆಸರು. ಅದು ಇಳಿಯುವ ಸೀಟ್ ಟ್ಯೂಬಿನ ಒಳವ್ಯಾಸಕ್ಕೆ ಅದರ ದಪ್ಪ ಸರಿಹೊಂದಬೇಕು. ಹೊರಗಿನಿಂದ ಒಂದೇ ತೆರನಾಗಿ ಕಾಣುವ ಎರಡು ಹಳೆಯ ಸೈಕಲ್ಲುಗಳಿಗೆ ಬೇರೆಬೇರೆ ಪಿಲ್ಲರ್ ಬೇಕಾಗುವುದುಂಟು. ಇದಕ್ಕೆ ಕಾರಣ ಕೊಳವೆಯ ಗೋಡೆಯ ದಪ್ಪ. ಪಿಲ್ಲರಿನ ಅಳತೆಯ ಚರಿತ್ರೆಯೆಂದರೆ ಬಹುಮಟ್ಟಿಗೆ ಈ ಗೋಡೆಯ ಚರಿತ್ರೆ.

ಜಾನ್ ಕೆಂಪ್ ಸ್ಟಾರ್ಲಿಯ ರೋವರ್ ಸೈಕಲ್ 1885ರಲ್ಲಿ ಬಂತು. ಮುಂದೆ ವಜ್ರಾಕಾರದ ಫ್ರೇಮ್ ನೆಲೆಯೂರಿದಾಗ ಸೀಟನ್ನು ಏರಿಸಿ ಇಳಿಸುವ ಪಿಲ್ಲರ್ ಎಲ್ಲ ಸೈಕಲ್ಲುಗಳ ಅಂಗವಾಯಿತು. ಆರಂಭದ ಪಿಲ್ಲರುಗಳಲ್ಲಿ ಮೇಲ್ತುದಿ ಅಡ್ಡಕ್ಕೆ ಬಾಗಿದ್ದ ಮಾದರಿಯೂ ಇತ್ತು. ಸೀಟನ್ನು ಹಿಂದೆ ಮುಂದೆ ಸರಿಸಲು ಅದು ಅನುಕೂಲವಾಗಿತ್ತು. ಬ್ರಿಟನ್ನಿನಲ್ಲಿ ಸೀಟ್ ಟ್ಯೂಬಿನ ಹೊರವ್ಯಾಸ ಒಂದೂ ಎಂಟನೆಯ ಒಂದು ಅಂಗುಲಕ್ಕೆ, ಅಂದರೆ 28.6 ಮಿ.ಮೀ.ಗೆ ನಿಂತಿತು. ಫ್ರೆಂಚರು 28 ಮಿ.ಮೀ. ಹಿಡಿದರು. ಹೊರ ಅಳತೆ ಹೀಗೆ ಗಟ್ಟಿಯಾದ ಮೇಲೆ ಬದಲಾಗಲು ಉಳಿದದ್ದು ಒಳಗಿನದು ಮಾತ್ರ. ಬರ್ಮಿಂಗ್‌ಹ್ಯಾಮಿನ ಆಲ್ಫ್ರೆಡ್ ರೆನಾಲ್ಡ್ಸ್ ಒಂದೇ ಕೊಳವೆಯ ಗೋಡೆಯನ್ನು ಬೆಸುಗೆಯ ಬಳಿ ದಪ್ಪವಾಗಿ, ಉಳಿದೆಡೆ ತೆಳುವಾಗಿ ಎಳೆಯುವ ವಿಧಾನಕ್ಕೆ 1897ರಲ್ಲಿ ಪೇಟೆಂಟ್ ಪಡೆದ. ರೆನಾಲ್ಡ್ಸ್ ಕಂಪನಿ 1935ರಲ್ಲಿ ಹೊರತಂದ 531 ಉಕ್ಕಿನಿಂದ ಹಗುರವಾದ ರೇಸ್ ಸೈಕಲ್ಲುಗಳು ಹುಟ್ಟಿದವು. ಅವುಗಳ ಸೀಟ್ ಟ್ಯೂಬಿನ ಮೇಲ್ಭಾಗದ ಗೋಡೆ ಕೇವಲ 0.6 ಮಿ.ಮೀ.; ಒಳಗೆ 27.4 ಉಳಿಯುತ್ತದೆ, 27.2ರ ಪಿಲ್ಲರ್ ಕೂರುತ್ತದೆ.

ನಮ್ಮ ಹಳ್ಳಿಗಳಿಗೆ ಬಂದದ್ದು ಆ ಜಾತಿಯ ಸೈಕಲ್ ಅಲ್ಲ. ಬ್ರಿಟಿಷ್ ರೋಡ್‌ಸ್ಟರ್ ಮಾದರಿಯ ರ‍್ಯಾಲಿ, ಹರ್ಕ್ಯುಲಿಸ್ ಮೊದಲು ಹಡಗಿನಲ್ಲಿ ಬಂದವು. 1949ರಲ್ಲಿ ಮದರಾಸಿನ ಟಿ.ಐ. ಸೈಕಲ್ಸ್ ಸ್ಥಾಪನೆಯಾಯಿತು, 1950ರ ದಶಕದಲ್ಲಿ ಆಸನ್‌ಸೋಲಿನ ಸೇನ್-ರ‍್ಯಾಲಿ, ಸೋನಿಪತ್ತಿನ ಅಟ್ಲಾಸ್, ಲುಧಿಯಾನದ ಹೀರೋ ಅದೇ ಮಾದರಿಯನ್ನು ದೇಶದಲ್ಲೇ ತಯಾರಿಸಿದವು. ಇವುಗಳ ಗೋಡೆ ದಪ್ಪ, ಸುಮಾರು ಒಂದೂವರೆ ಮಿ.ಮೀ. ಆದ್ದರಿಂದ ಪಿಲ್ಲರ್ ಸಾಮಾನ್ಯವಾಗಿ 25.4 ಮಿ.ಮೀ., ಅಂದರೆ ಸರಿಯಾಗಿ ಒಂದು ಅಂಗುಲ. ಮೇಲ್ತುದಿ 7/8 ಅಂಗುಲಕ್ಕೆ ಸಣ್ಣದಾಗುತ್ತದೆ. ಸ್ಪ್ರಿಂಗ್ ಸೀಟಿನ ಕ್ಲಿಪ್ಪು ಅಲ್ಲಿ ಹಿಡಿಯುತ್ತದೆ. ಮೆಟ್ರಿಕ್ ಪದ್ಧತಿಗೆ 1956ರಲ್ಲಿ ಕಾನೂನು ಬಂದರೂ ಸೈಕಲ್ ಅಂಗಡಿಯಲ್ಲಿ ಇಂದಿಗೂ ‘ಇಪ್ಪತ್ತೆರಡರ ಫ್ರೇಮ್’, ‘ಇಪ್ಪತ್ನಾಲ್ಕರ ಫ್ರೇಮ್’ ಎಂದು ಅಂಗುಲದಲ್ಲೇ ಮಾತು.

ಮಧುಗಿರಿಯಿಂದ ಪಾವಗಡಕ್ಕೆ ಹೋಗುವ ರಸ್ತೆಯಲ್ಲಿ, ಕೋಟೆಬೆಟ್ಟದ ಬುಡದಲ್ಲಿರುವ ಮಿಡಿಗೇಶಿಯಂಥ ಹೋಬಳಿಗಳಲ್ಲಿ ಈ ದಪ್ಪ ಗೋಡೆಗೆ ಅರ್ಥವಿತ್ತು. ರೈಲು ಓಡದ ಸೀಮೆ, ಕಲ್ಲುದಾರಿ. ಸಂತೆ, ಶಾಲೆ, ಹಾಲು ಎಲ್ಲಕ್ಕೂ ಸೈಕಲ್ಲೇ. ಕ್ಯಾರಿಯರಿನಲ್ಲಿ ಕಡಲೆಕಾಯಿ ಮೂಟೆ, ಮುಂದಿನ ಕಂಬಿಯ ಮೇಲೆ ಮಗು. ಇಷ್ಟು ಹೊತ್ತು ದಶಕಗಟ್ಟಲೆ ಬಾಳಿದ ಫ್ರೇಮನ್ನು ತೂಕ ಹೆಚ್ಚೆಂದು ಹೀಗಳೆಯುವುದು ನ್ಯಾಯವಲ್ಲ. ಒಂದು ಕಷ್ಟ ಮಾತ್ರ ನಿಜ: ಇಪ್ಪತ್ನಾಲ್ಕರ ಫ್ರೇಮಿನಲ್ಲಿ ಪಿಲ್ಲರನ್ನು ಪೂರ್ತಿ ಇಳಿಸಿದರೂ ಹುಡುಗರಿಗೆ ಸೀಟು ಎಟಕುತ್ತಿರಲಿಲ್ಲ. ಕಂಬಿಯ ಕೆಳಗೆ ಕಾಲು ತೂರಿಸಿ ಒಳಪೆಡಲ್ ಹೊಡೆದೇ ಎಷ್ಟೋ ಮಂದಿ ಸವಾರಿ ಕಲಿತರು.

ಹಳೆಯ ಸೈಕಲ್ಲನ್ನು ಮತ್ತೆ ಕಟ್ಟುವವರು ಮೊದಲು ನೋಡಬೇಕಾದದ್ದು ಹಳೆಯ ಪಿಲ್ಲರಿನ ಮೇಲೆ ಅಚ್ಚಾದ ಅಂಕಿ. ಆದರೆ ಹಿಂದೆಂದೋ ಯಾರೋ ತಪ್ಪು ಪಿಲ್ಲರ್ ತುರುಕಿರಬಹುದು. ಟ್ಯೂಬನ್ನೇ ಅಳೆಯುವುದು ಲೇಸು. ಸೀಟ್ ಬೋಲ್ಟ್ ಬಿಗಿದು ಬಿಗಿದು ಬಾಯಿ ಮುದುಡಿರುವುದರಿಂದ ಅಲ್ಲಿನ ಸೀಳಿಗಿಂತ ಕೆಳಗೆ, ಎರಡು ಮೂರು ದಿಕ್ಕಿನಲ್ಲಿ ವರ್ನಿಯರ್ ಹಿಡಿಯಬೇಕು. ತುಕ್ಕನ್ನು ಮೊದಲೇ ಉಜ್ಜಿ ತೆಗೆಯದಿದ್ದರೆ ಅಳತೆ ಕಡಿಮೆ ತೋರಿಸುತ್ತದೆ. ಪಿಲ್ಲರುಗಳ ಅಳತೆ ಸಾಮಾನ್ಯವಾಗಿ 0.2 ಮಿ.ಮೀ. ಅಂತರದಲ್ಲಿ ಏರುತ್ತದೆ. ಸರಿಯಾದದ್ದು ಗ್ರೀಸ್ ಸವರಿದಾಗ ಕೈಯಿಂದಲೇ ಇಳಿಯುತ್ತದೆ, ಅಲುಗಾಡುವುದಿಲ್ಲ.

ಸಣ್ಣ ಪಿಲ್ಲರಿಗೆ ತಗಡಿನ ಪಟ್ಟಿ ಸುತ್ತಿ ಕೂರಿಸುವ ರೂಢಿ ಇದೆ. ಕೂದಲೆಳೆಯಷ್ಟು ಸಡಿಲಿದ್ದರೆ ಅದು ನಡೆಯುತ್ತದೆ. ಹೆಚ್ಚು ಸಡಿಲಿದ್ದಲ್ಲಿ ಬೋಲ್ಟನ್ನೇ ನಂಬಿ ಬಿಗಿದರೆ ಅದು ಹಾಯುವ ಫ್ರೇಮಿನ ಕಿವಿಗಳು ಬಾಗಿ ಕೊನೆಗೆ ಸೀಳುತ್ತವೆ. ದೊಡ್ಡದನ್ನು ಸುತ್ತಿಗೆಯಿಂದ ಹೊಡೆದು ಇಳಿಸುವುದು ಇನ್ನೂ ಕೆಟ್ಟದ್ದು, ಟ್ಯೂಬ್ ಉಬ್ಬಿಹೋಗುತ್ತದೆ. ಪಿಲ್ಲರ್ ಕಡಿಮೆಯೆಂದರೂ ಎರಡೂವರೆ ಅಂಗುಲ ಒಳಗಿರಬೇಕು. ತುಕ್ಕು ಹಿಡಿದು ಕಚ್ಚಿಕೊಂಡಿದ್ದರೆ ಬೋಲ್ಟ್ ಬಿಚ್ಚಿ, ಸೀಮೆಎಣ್ಣೆ ಬಿಟ್ಟು, ಕೆಲವು ದಿನ ಕಾದು ತಿರುಗಿಸಬೇಕು.

ಅಟ್ಲಾಸಿನ ಸಾಹಿಬಾಬಾದ್ ಕಾರ್ಖಾನೆ 2020ರಲ್ಲಿ ನಿಂತಿತು. ಒಂದಂಗುಲದ ಪಿಲ್ಲರ್ ಒಂದೇ ಕಂಪನಿಯ ಸೊತ್ತಾಗಿರಲಿಲ್ಲವಾದ್ದರಿಂದ, ಆ ಹೆಸರಿನ ಹಳೆಯ ಫ್ರೇಮುಗಳಿಗೆ ಬೇರೆಯವರ ಪಿಲ್ಲರೂ ಹೊಂದುತ್ತದೆ.