ಮಿನುಗುವ ಅಕ್ಷರ, ಬರೆಯುವ ಮಿದುಳು

ಪಡುಬಿದ್ರಿಯಿಂದ ಉಡುಪಿಗೆ ಹೋಗುವ ದಾರಿಯಲ್ಲಿ ಕಾಪು ಸಿಗುತ್ತದೆ. ಅಲ್ಲಿನ ದೀಪಸ್ತಂಭ 1901ರದು. ಬೆಳಕು ಮಿನುಗುವ ಲಯ ಒಂದೊಂದು ದೀಪಸ್ತಂಭಕ್ಕೂ ಬೇರೆ ಬೇರೆ. ರಾತ್ರಿ ಕಡಲಿನಲ್ಲಿರುವವರು ಅದರಿಂದಲೇ ತಾವೆಲ್ಲಿದ್ದೇವೆಂದು ತಿಳಿಯುತ್ತಾರೆ. ಕೈ, ನಾಲಗೆ ಎರಡೂ ಆಡದ ರೋಗಿಯಿಂದ ಅಕ್ಷರ ಬರೆಸಲು ವಿಜ್ಞಾನಿಗಳು ಹಿಡಿದದ್ದೂ ಇದೇ ಉಪಾಯ.

ಜರ್ಮನಿಯ ಹ್ಯಾನ್ಸ್ ಬರ್ಗರ್ 1924ರಲ್ಲಿ ಮಾನವ ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸಿ, 1929ರಲ್ಲಿ ಪ್ರಕಟಿಸಿದ. ಹಲವರು ನಂಬಲಿಲ್ಲ. 1934ರಲ್ಲಿ ಕೇಂಬ್ರಿಜ್‌ನ ಏಡ್ರಿಯನ್ ಮತ್ತು ಮ್ಯಾಥ್ಯೂಸ್ ಅದನ್ನು ದೃಢಪಡಿಸಿದರು. ಅಷ್ಟೇ ಅಲ್ಲ, ಕಣ್ಣೆದುರು ಬೆಳಕು ಮಿನುಗಿದರೆ ತಲೆಯ ಹಿಂಭಾಗದ ಅಲೆಗಳು ಅದೇ ಲಯ ಹಿಡಿಯುವುದನ್ನೂ ತೋರಿಸಿದರು. ಸೆಕೆಂಡಿಗೆ 10 ಸಲ ಮಿನುಗುವುದನ್ನು ದಿಟ್ಟಿಸಿದರೆ ಮಿದುಳಿನಲ್ಲೂ 10 ಹರ್ಟ್ಸ್! ಪರದೆಯ ಒಂದೊಂದು ಅಕ್ಷರವನ್ನು ಒಂದೊಂದು ಆವೃತ್ತಿಯಲ್ಲಿ ಮಿನುಗಿಸಿದರೆ, ರೋಗಿ ಯಾವುದನ್ನು ನೋಡುತ್ತಿದ್ದಾನೆಂದು ಗಣಕ ಹೇಳಬಲ್ಲದು.

'ಮಿದುಳು-ಗಣಕ ಸಂಪರ್ಕ' ಎಂಬ ಹೆಸರು ಬಂದದ್ದು 1973ರಲ್ಲಿ, ಕ್ಯಾಲಿಫೋರ್ನಿಯದ ಜಾಕ್ ವಿದಾಲ್‌ನಿಂದ. 1992ರಲ್ಲಿ ಎರಿಕ್ ಸಟರ್ ವರದಿ ಮಾಡಿದ ವ್ಯವಸ್ಥೆಯಲ್ಲಿ ನರರೋಗಿಯೊಬ್ಬರು ನಿಮಿಷಕ್ಕೆ 10ರಿಂದ 12 ಪದ ಬರೆದರು. ಆದರೆ ವಿದ್ಯುದಗ್ರಗಳನ್ನು ತಲೆಬುರುಡೆಯೊಳಗೆ ಇಡಬೇಕಾಯಿತು.

ನೆತ್ತಿಯ ಮೇಲಷ್ಟೇ ವಿದ್ಯುದಗ್ರ ಇಟ್ಟು ಹೆಚ್ಚು ಅಕ್ಷರ ಕೊಡುವುದು ಸುಲಭವಿರಲಿಲ್ಲ. ಸಾಮಾನ್ಯ ಪರದೆಯ ಚಿತ್ರ ಸೆಕೆಂಡಿಗೆ 60 ಸಲ ಬದಲಾಗುತ್ತದೆ. ಬರಿದೇ ಹೊತ್ತಿಸಿ ಆರಿಸಿದರೆ 60ನ್ನು ನಿಶ್ಶೇಷವಾಗಿ ಭಾಗಿಸುವ 10, 12, 15ರಂಥ ಕೆಲವೇ ಆವೃತ್ತಿಗಳು ಸಿಗುತ್ತವೆ. ಬೆಳಕನ್ನು ಸೈನ್ ಅಲೆಯಂತೆ ಏರಿಳಿಸಿ ಈ ತೊಡಕು ದಾಟಿದ ಚೀನಾದ ತ್ಸಿಂಗುವಾ ವಿಶ್ವವಿದ್ಯಾಲಯದ ತಂಡ, 2015ರಲ್ಲಿ 8ರಿಂದ 15.8 ಹರ್ಟ್ಸ್‌ವರೆಗೆ 0.2ರ ಅಂತರದಲ್ಲಿ 40 ಗುಂಡಿಗಳನ್ನು ಮಿನುಗಿಸಿತು. ಅರ್ಧ ಸೆಕೆಂಡು ಮಿನುಗು, ಅರ್ಧ ಸೆಕೆಂಡು ನೋಟ ಬದಲಿಸಲು. ಗರಿಷ್ಠ ವೇಗ ನಿಮಿಷಕ್ಕೆ 60 ಅಕ್ಷರ. ಬರೆದವರು ಆರೋಗ್ಯವಂತರು ಎಂಬುದನ್ನು ಮರೆಯಬಾರದು.

ಆ 40ರಲ್ಲಿ 26 ಇಂಗ್ಲಿಷ್ ಅಕ್ಷರಗಳು. ಕನ್ನಡದ ಗತಿ? ಕಾಗುಣಿತ, ಒತ್ತಕ್ಷರಗಳನ್ನೆಲ್ಲ ಬೇರೆ ಬೇರೆ ಮಿನುಗಿಸುವುದು ಆಗದ ಮಾತು. ಇಲ್ಲಿ ನಮ್ಮ ಕರಾವಳಿಯವರೇ ಆದ ಕಿನ್ನಿಕಂಬಳ ಪದ್ಮನಾಭ ರಾಯರ ಕೀಲಿಮಣೆ ನೆನಪಾಗುತ್ತದೆ. ವ್ಯಂಜನ, ಸ್ವರ, ಒತ್ತಿನ ಕೊಂಡಿಗಳನ್ನು ಅವರು 26 ಗುಂಡಿಗಳಲ್ಲೇ ಅಡಗಿಸಿದ್ದಾರೆ. 'ಪಡುಬಿದ್ರಿ'ಗೆ ಅದರಲ್ಲಿ 9 ಒತ್ತು, ಇಂಗ್ಲಿಷಿನಲ್ಲೂ 9. ಆದರೆ 'ಕಾಪು' ಎನ್ನಲು ದೀರ್ಘಕ್ಕಾಗಿ ಶಿಫ್ಟ್ ಬೇಕು, ಅಂದರೆ ಇನ್ನೊಂದು ನೋಟ.

ವೇಗಕ್ಕಿಂತ ದೊಡ್ಡ ಪ್ರಶ್ನೆ ಕಣ್ಣಿನದು. ಮಿನುಗು ಬೇಗ ದಣಿಸುತ್ತದೆ. ಕೆಲವರಲ್ಲಿ ಅಪಸ್ಮಾರವನ್ನೂ ಕೆರಳಿಸಬಹುದು: 1997ರ ಡಿಸೆಂಬರಿನಲ್ಲಿ ಜಪಾನಿನ ದೂರದರ್ಶನದಲ್ಲಿ ಪೋಕೆಮಾನ್ ಸಂಚಿಕೆಯ ಕೆಂಪು-ನೀಲಿ ಮಿನುಗನ್ನು ನೋಡಿ ನೂರಾರು ಮಕ್ಕಳು ಆಸ್ಪತ್ರೆ ಸೇರಿದ್ದರು. ಇನ್ನು, ರೋಗ ಮುಂದುವರಿದು ಕಣ್ಣುಗುಡ್ಡೆಯ ಚಲನೆಯೂ ನಿಂತವರಿಗೆ, ಬೇಕಾದ ಅಕ್ಷರದತ್ತ ನೋಟ ಹೊರಳಿಸುವುದೇ ಅಸಾಧ್ಯ.